ವಲೆನ್ಸಿಯಾದ ಬಂಗುಡೆ

ದುಬೈಯ ಸತ್ವಾದಲ್ಲಿ, ಟೈಲರ್ ಅಂಗಡಿಗಳ ಹಿಂದಿನ ಓಣಿಯಲ್ಲಿ ಒಂದು ಹಳೆಯ ವಿಲ್ಲಾ. ಅದರೊಳಗೆ ಐದು ಸಂಸಾರ, ಒಂದು ಅಡುಗೆಮನೆ, ಎರಡು ಫ್ರಿಜ್ಜು. ಅಲ್ಲಿ ಯಾರೂ ಯಾರ ಮಾತನ್ನೂ ಪೂರ್ತಿ ನಂಬುತ್ತಿರಲಿಲ್ಲ. ಬಾತ್‌ರೂಮಿನ ಒಳಗಿನಿಂದ "ಎರಡೇ ನಿಮಿಷ" ಎಂದು ಕೂಗಿದವರ ಮಾತನ್ನಂತೂ ಮಕ್ಕಳೂ ನಂಬುತ್ತಿರಲಿಲ್ಲ. ಆದರೆ ಮೀನಿನ ವಿಷಯದಲ್ಲಿ ಮಾರ್ಸೆಲ್ ಹೇಳಿದ್ದೆಂದರೆ ಅಲ್ಲಿಗೆ ಮುಗಿಯಿತು.

ಪ್ರತಿ ಗುರುವಾರ ಸಂಜೆ ಐದು ಚೀಲಗಳು ಅವನ ಕೋಣೆಯ ಬಾಗಿಲ ಹಿಡಿಗೆ ಬಂದು ನೇತಾಡುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಚರ್ಚಿನ ಬಲಿಪೂಜೆ ಮುಗಿಸಿ, ಅದೇ ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು ದೇರಾದ ಮೀನು ಮಾರ್ಕೆಟ್ಟಿಗೆ ಹೋಗುವನು. ಹನ್ನೆರಡಕ್ಕೆ ಚೀಲಗಳು ತುಂಬಿ ಬರುವವು. ಯಾರೂ ತೆರೆದು ನೋಡುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆದಿತ್ತು. ಹೋಟೆಲೊಂದರ ಸ್ಟೋರ್ ಕೀಪರ್ ಆಗಿದ್ದ ಮಾರ್ಸೆಲನಿಗೆ ಹೋಟೆಲಿನಲ್ಲಿ ಇದ್ದ ಗೌರವ ಅಷ್ಟಕ್ಕಷ್ಟೆ. ಊರಲ್ಲೂ ಅಷ್ಟಕ್ಕಷ್ಟೆ. ಹೆಂಡತಿ ರೊಸಲಿನ್ ಹತ್ತಿರ ಎಷ್ಟಿತ್ತು ಎಂದು ಅಳೆಯಲು ಅವನಿಗೆ ಧೈರ್ಯ ಇರಲಿಲ್ಲ. ಆದರೆ ಆ ಐದು ಚೀಲಗಳ ಮುಂದೆ ಅವನು ಸುಲ್ತಾನ.

ಆ ವರ್ಷ, ಅಂದರೆ 2014ರಲ್ಲಿ, ಪಕ್ಕದ ಕೋಣೆಯ ಚಂದ್ರಮತಿಯ ಅಮ್ಮ ಕಾಂತಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದರು. ಕಾಂತಮ್ಮ ಮಲ್ಪೆ ಬಂದರಿನಲ್ಲಿ ಮೂವತ್ತೆರಡು ವರ್ಷ ಮೀನಿನ ಬುಟ್ಟಿ ಹೊತ್ತವರು. ಬಂದ ಮೊದಲ ಶುಕ್ರವಾರವೇ ಮಗಳ ಚೀಲ ಬಿಚ್ಚಿ, ಅಂಜಲ್ ಮೀನಿನ ಕಿವಿರು ಎತ್ತಿ, ಮೂಸಿ, ಹೊಟ್ಟೆ ಒತ್ತಿ ನೋಡಿದರು. ವಿಲ್ಲಾದ ಅಡುಗೆಮನೆ ಉಸಿರು ಹಿಡಿದು ನಿಂತಿತ್ತು.

"ಪೊರ್ಬುಗಳಿಗೆ ಮೀನು ಗೊತ್ತುಂಟು," ಎಂದರು ಕಾಂತಮ್ಮ. ಪೊರ್ಬುಗಳೆಂದರೆ ಕೊಂಕಣಿ ಕ್ರೈಸ್ತರನ್ನು ತುಳುವಿನಲ್ಲಿ ಮರ್ಯಾದೆಯಿಂದ ಕರೆಯುವ ಹೆಸರು.

ಆ ದಿನ ಮಾರ್ಸೆಲ್ ಊಟವನ್ನೇ ಮಾಡಲಿಲ್ಲ. ಹೊಟ್ಟೆ ತುಂಬಿತ್ತು.

ಇಷ್ಟಕ್ಕೇ ನಿಂತಿದ್ದರೆ ಅವನು ಈಗಲೂ ಸುಖವಾಗಿ ಇರುತ್ತಿದ್ದ. ಆದರೆ ಹೋಟೆಲಿನವರಿಗೆ ಆ ವರ್ಷ ಒಳ್ಳೆಯ ಬುದ್ಧಿ ಬಂದು, ವರ್ಷದ ಉತ್ತಮ ನೌಕರನೆಂದು ಮಾರ್ಸೆಲನನ್ನೇ ಆರಿಸಿದರು. ಬಹುಮಾನ, ಸ್ಪೇನ್ ದೇಶದ ವಲೆನ್ಸಿಯಾದಲ್ಲಿರುವ ಅವರದೇ ಇನ್ನೊಂದು ಹೋಟೆಲಿನಲ್ಲಿ ನಾಲ್ಕು ದಿನ. ಹೋಟೆಲಿನ ಲೆಬನಾನ್ ಕಡೆಯ ದೊಡ್ಡ ಶೆಫ್ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ: ಅಲ್ಲಿ ಊರ ನಡುವೆ ಒಂದು ಹಳೆಯ ಮಾರ್ಕೆಟ್ ಇದೆ, ಮೇಲೆ ಗುಮ್ಮಟ, ಗೋಡೆಗೆ ಬಣ್ಣಬಣ್ಣದ ಗಾಜು, ಒಳಗೆ ಮೀನಿಗೇ ಒಂದು ದೊಡ್ಡ ಭಾಗ, ಮೀನು ಬಲ್ಲವನು ಅದನ್ನು ನೋಡದೆ ಸಾಯಬಾರದು.

ಶೆಫ್ ಹೇಳಿದ್ದು ಇಷ್ಟೇ. ಸತ್ವಾದ ವಿಲ್ಲಾಕ್ಕೆ ತಲುಪುವಾಗ ಅದು, ಮಾರ್ಸೆಲನ ಅಭಿಪ್ರಾಯ ಕೇಳಲು ಸ್ಪೇನಿನವರು ಖರ್ಚು ಕೊಟ್ಟು ಕರೆಸಿಕೊಳ್ಳುತ್ತಿದ್ದಾರೆ ಎಂದಾಗಿತ್ತು.

"ಭಾವ, ಅಲ್ಲಿ ಬಂಗುಡೆ ಸಿಗ್ತದಾ?" ಎಂದು ಕೇಳಿದವನು ಸೆಡ್ರಿಕ್, ರೊಸಲಿನ್‌ಳ ತಮ್ಮ. ರುವೈಸ್‌ನ ರಿಫೈನರಿಯಲ್ಲಿ ಟೆಕ್ನಿಷಿಯನ್. ವಾರಕ್ಕೊಮ್ಮೆ ಕಂಪೆನಿ ಬಸ್ಸಿನಲ್ಲಿ ಅಕ್ಕನ ಮನೆಗೆ ಬಂದು, ಭಾವನ ಮೀನು ತಿಂದು, ಭಾವನನ್ನೇ ತಿಂದು ಹೋಗುವುದು ಅವನ ಅಭ್ಯಾಸ.

"ಬಂಗುಡೆಯಾ? ಮಾರಾಯ, ಅಲ್ಲಿಯ ಬಂಗುಡೆ ಇಷ್ಟುದ್ದ," ಎಂದು ಮಾರ್ಸೆಲ್ ಮೊಣಕೈ ತೋರಿಸಿದ. ತಾನು ಇನ್ನೂ ವಿಮಾನ ಹತ್ತಿಲ್ಲ ಎಂಬುದು ಅವನಿಗೆ ಮರೆತೇ ಹೋಗಿತ್ತು.

"ಫೋಟೋ ತೆಗ್ದು ತನ್ನಿ. ಬಂಗುಡೆಯೊಟ್ಟಿಗೆ."

"ತರುವ. ಅದಕ್ಕೆಂಥ."

ವಲೆನ್ಸಿಯಾಕ್ಕೆ ಅವನು ಮುಟ್ಟಿದ್ದು ಗುರುವಾರ ಸಂಜೆ. ಇಲ್ಲಿ ಓದುಗರು ಒಂದು ವಿಷಯ ನೆನಪಿಡಬೇಕು. ಹನ್ನೊಂದು ವರ್ಷ ಗಲ್ಫಿನಲ್ಲಿ ಬದುಕಿದ ಮನುಷ್ಯನ ವಾರ ಶುಕ್ರವಾರದಿಂದ ಶುರುವಾಗುತ್ತದೆ. ಶುಕ್ರವಾರ ರಜೆ, ಶುಕ್ರವಾರವೇ ಚರ್ಚು. ಭಾನುವಾರ ಬೆಳಿಗ್ಗೆ ಏಳಕ್ಕೆ ಡ್ಯೂಟಿ. ಇದು ಮೈಗೆ ಹತ್ತಿದ ಮೇಲೆ ಕ್ಯಾಲೆಂಡರ್ ನೋಡುವ ಅಗತ್ಯ ಬೀಳುವುದಿಲ್ಲ.

ಆದ್ದರಿಂದ ಶುಕ್ರವಾರ ಬೆಳಿಗ್ಗೆ ಮಾರ್ಸೆಲ್ ಇಸ್ತ್ರಿ ಅಂಗಿ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಹೋಟೆಲಿನ ಹತ್ತಿರದ ಚರ್ಚಿಗೆ ಹೋದ. ಅರಮನೆಯಂಥ ಚರ್ಚು. ಒಳಗೆ ಒಬ್ಬ ಪಾದ್ರಿ, ನಾಲ್ಕು ಮುದುಕಿಯರು. ಇಪ್ಪತ್ತು ನಿಮಿಷದಲ್ಲಿ ಪೂಜೆ ಮುಗಿಯಿತು. ಪ್ರವಚನವೂ ಇಲ್ಲ. ದುಬೈಯ ಚರ್ಚಿನಲ್ಲಿ ಅವನಿಗೆ ಒಳಗೆ ಜಾಗ ಸಿಕ್ಕಿದ್ದು ಇಲ್ಲವೇ ಇಲ್ಲ. ಅಂಗಳದ ಬಿಸಿಲಲ್ಲಿ ಫಿಲಿಪ್ಪೀನ್ಸಿನವರ ಕೊಡೆಗಳ ನಡುವೆ ನಿಂತೇ ಅವನ ಭಕ್ತಿ ಬೆಳೆದದ್ದು. ಯುರೋಪಿನಲ್ಲಿ ದೇವರ ಮೇಲಿನ ನಂಬಿಕೆ ಸತ್ತುಹೋಗಿದೆ ಎಂದು ಅವನಿಗೆ ತುಂಬ ಬೇಸರವಾಯಿತು. ಆ ಬೇಸರದಲ್ಲಿ ರೂಮಿಗೆ ಬಂದು ಮಲಗಿದ.

ಮಾರ್ಕೆಟ್ಟಿಗೆ ಏಕೆ ಹೋಗಲಿಲ್ಲ ಎಂದರೆ ಅದಕ್ಕೊಂದು ದೊಡ್ಡ ಕಾರಣ ಇತ್ತು. ರಜೆಯ ದಿನ ಮಾರ್ಕೆಟ್ಟಿಗೆ ಹೋಗುವುದು ಅವನ ಪ್ರಕಾರ ಗತಿಗೆಟ್ಟವರ ಕೆಲಸ. ದೇರಾದ ಶುಕ್ರವಾರದ ನೂಕುನುಗ್ಗಲಲ್ಲಿ ಹನ್ನೊಂದು ವರ್ಷ ಮೊಣಕೈ ತಿಂದವನು ಅವನು. ನಿಜವಾದ ಮಾರ್ಕೆಟ್ ನೋಡಬೇಕಾದರೆ ಕೆಲಸದ ದಿನ, ಅದೂ ಡ್ಯೂಟಿ ಶುರುವಾಗುವ ಮೊದಲ ದಿನ ಬೆಳಿಗ್ಗೆ ಹೋಗಬೇಕು. ಆಗ ಜನ ಕಡಿಮೆ, ಮೀನು ಹೊಸತು, ಅಂಗಡಿಯವನಿಗೆ ನಾಲ್ಕು ಮಾತಾಡಲು ಪುರುಸೊತ್ತು. ಒಂದೇ ಒಂದು ಭಾನುವಾರ ಬೆಳಿಗ್ಗೆ ಡ್ಯೂಟಿಗೆ ಹೋಗದೆ ಮೀನು ಮಾರ್ಕೆಟ್ಟಿಗೆ ಹೋಗಬೇಕು ಎಂಬುದು ಅವನ ಜೀವನದ ಆಸೆ. ಅದು ಈಗ ವಲೆನ್ಸಿಯಾದಲ್ಲಿ ಈಡೇರುವುದಿತ್ತು. ವಿಮಾನ ಭಾನುವಾರ ಸಂಜೆಗೆ.

ಶನಿವಾರ ಹೋಟೆಲಿನವರು ಅವನನ್ನು ಬಸ್ಸಿನಲ್ಲಿ ಊರು ಸುತ್ತಿಸಿದರು. ಮಾರ್ಕೆಟ್ಟಿನ ಮುಂದೆ ಹೋಗುವಾಗ ಗುಮ್ಮಟ ಕಂಡಿತು, ಅದರ ತುದಿಯಲ್ಲಿ ಗಾಳಿ ಬಂದ ಕಡೆಗೆ ತಿರುಗುವ ಒಂದು ಲೋಹದ ಗಿಳಿ. ಕಿಟಕಿಯಿಂದಲೇ ಒಂದು ಫೋಟೋ ಹೊಡೆದ. "ನಾಳೆ ಬರ್ತೇನೆ," ಎಂದು ಗಿಳಿಗೆ ಕೈ ಬೀಸಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನು ಮಾರ್ಕೆಟ್ಟಿನ ಮುಂದೆ ನಿಂತಿದ್ದ. ಕೈಯಲ್ಲಿ ಚೀಲ. ಬಾಗಿಲು ಮುಚ್ಚಿತ್ತು. ಎಂಟೂವರೆಗೂ ಮುಚ್ಚಿತ್ತು. ಒಂಬತ್ತಕ್ಕೆ ಅವನು ಕಟ್ಟಡಕ್ಕೆ ಒಂದು ಸುತ್ತು ಬಂದ, ಇನ್ನೊಂದು ಸುತ್ತು ಬಂದ. ಎಲ್ಲ ಬಾಗಿಲೂ ಮುಚ್ಚಿದ್ದವು. ಯಾರೋ ದೊಡ್ಡ ಮನುಷ್ಯರು ತೀರಿಕೊಂಡಿರಬೇಕು ಎಂದುಕೊಂಡು, ಗೌರವಕ್ಕೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತ. ಆಗ ಎದುರಿನ ಚರ್ಚಿನ ಗಂಟೆ ಬಾರಿಸಿತು. ಓಣಿ ಓಣಿಗಳಿಂದ ಜನ ಬಂದರು. ಕೋಟು ಹಾಕಿದ ಗಂಡಸರು, ಮಕ್ಕಳ ಕೈ ಹಿಡಿದ ಹೆಂಗಸರು, ಊರಿಗೆ ಊರೇ ಚರ್ಚಿನೊಳಗೆ ಹೋಯಿತು.

ಮಾರ್ಸೆಲ್ ಚೀಲ ಹಿಡಿದುಕೊಂಡು ನೋಡುತ್ತ ನಿಂತ. ಅವನು ಹುಟ್ಟು ಕ್ಯಾಥೊಲಿಕ್. ಬಂಟ್ವಾಳದ ಹತ್ತಿರದ ಊರಿನಲ್ಲಿ ಭಾನುವಾರ ಬೆಳಿಗ್ಗೆ ಪೂಜೆ ತಪ್ಪಿಸಿದ್ದಕ್ಕೆ ಅಜ್ಜಿಯ ಕೈಯಲ್ಲಿ ಅಡಿಕೆ ಸೋಗೆಯ ಪೆಟ್ಟು ತಿಂದವನು. ಭಾನುವಾರ ಎಂದರೆ ಯಾವ ದಿನ ಎಂಬುದು, ನಲವತ್ತಾರನೆಯ ವರ್ಷದಲ್ಲಿ, ಮುಚ್ಚಿದ ಮೀನು ಮಾರ್ಕೆಟ್ಟಿನ ಎದುರು ಅವನಿಗೆ ನೆನಪಾಯಿತು.

ಗಾಳಿ ಬೀಸಿತು. ಗಿಳಿ ಇನ್ನೊಂದು ಕಡೆಗೆ ಮುಖ ತಿರುಗಿಸಿತು.

ಇದನ್ನು ಬಂದು ಹೇಳಿಬಿಟ್ಟಿದ್ದರೆ ಒಂದು ವಾರ ನಗುತ್ತಿದ್ದರು, ಅಷ್ಟೇ. ಹೇಳಬೇಕೆಂದೇ ಮಾರ್ಸೆಲ್ ಸೋಮವಾರ ವಿಲ್ಲಾದ ಮೆಟ್ಟಿಲು ಹತ್ತಿದ. ಆದರೆ ಅಡುಗೆಮನೆಯಲ್ಲಿ ಐದೂ ಸಂಸಾರ ಸೇರಿತ್ತು. ಕಾಂತಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಸೆಡ್ರಿಕ್ ಒಂದು ದಿನ ರಜೆ ಹಾಕಿ ರುವೈಸ್‌ನಿಂದ ಬಂದಿದ್ದ.

"ಹೇಗಿತ್ತು ಭಾವ ಮಾರ್ಕೆಟ್ಟು? ಒಳಗೆ ಬಿಟ್ರಾ ನಿಮ್ಮನ್ನು?"

ಆ ಪ್ರಶ್ನೆ ಕೇಳದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು. ಒಳಗೆ ಬಿಟ್ಟಿಲ್ಲ ಎಂಬುದು ನೂರಕ್ಕೆ ನೂರು ಸತ್ಯವಾದ್ದರಿಂದಲೇ ಮಾರ್ಸೆಲನಿಗೆ ಸಿಟ್ಟು ಬಂತು.

"ಬಿಡ್ತಾರಾ ಅಂತ ಕೇಳ್ತೀಯಾ? ಬಾಗಿಲಲ್ಲೇ ಕಾದು ನಿಂತಿದ್ರು! ಒಳಗೆ ಹೋದ್ರೆ ಕಣ್ಣು ಮುಟ್ಟುವಷ್ಟು ದೂರ ಮೀನು. ನೆಲದಲ್ಲಿ ಒಂದು ಹನಿ ನೀರಿಲ್ಲ, ಬಿಳಿ ಸಾಕ್ಸು ಹಾಕಿ ನಡೀಬಹುದು. ನಾನೊಂದು ಮೀನಿನ ಕಿವಿರು ಎತ್ತಿ ನೋಡಿದ್ದೇ ತಡ, ಸುತ್ತಮುತ್ತಲಿನ ಅಂಗಡಿಯವರೆಲ್ಲ ಬಂದು ನಿಂತರು. ಇವನಿಗೆ ಗೊತ್ತುಂಟು ಅಂತ ಅವರಿಗೆ ಗೊತ್ತಾಯ್ತು."

"ಯಾವ ಭಾಷೆಯಲ್ಲಿ ಮಾತಾಡಿದ್ರಿ?" ಎಂದಳು ಚಂದ್ರಮತಿ.

"ಮೀನಿಗೆ ಭಾಷೆ ಬೇಕಾ ಚಂದ್ರಕ್ಕ?"

"ಬಂಗುಡೆ?" ಎಂದ ಸೆಡ್ರಿಕ್.

"ರಾಶಿ! ಬೆಳ್ಳಿಯ ಹಾಗೆ ಹೊಳೀತಾ ಇತ್ತು."

"ಫೋಟೋ ಎಲ್ಲಿ?"

"ಫೋಟೋ... ಹೋಟೆಲಿನವರ ಕ್ಯಾಮೆರಾದಲ್ಲಿ ಉಂಟು. ಕಳಿಸ್ತಾರೆ, ಕಳಿಸ್ತಾರೆ."

ಅಂದು ರಾತ್ರಿ ಊಟಕ್ಕೆ ರೊಸಲಿನ್, ಅವನು ಕೇಳದೆಯೇ, ಅವನಿಗೆ ಎರಡನೆಯ ತುಂಡು ಮೀನು ಬಡಿಸಿದಳು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಇದು ಆದದ್ದು ಮೂರನೇ ಸಲ. ಮಾರ್ಸೆಲ್ ಅದನ್ನು ನುಂಗಲಾರದೆ ನುಂಗಿದ.

ಸೆಡ್ರಿಕ್ ಬಿಡುವ ಪೈಕಿ ಅಲ್ಲ. ಕರಾವಳಿಯವರ ಒಂದು ಸಂಘ ಇತ್ತು, ಅದಕ್ಕೆ ತುಕ್ರಣ್ಣ ಅಧ್ಯಕ್ಷರು. ಉಡುಪಿ ಕಡೆಯವರು, ದೇರಾದಲ್ಲಿ ಹಾರ್ಡ್‌ವೇರ್ ಅಂಗಡಿ, ಸನ್ಮಾನ ಮಾಡುವುದೆಂದರೆ ಜೀವ. ಸಿಕ್ಕಿದವರಿಗೆಲ್ಲ ಸನ್ಮಾನ ಮಾಡಿ ಮುಗಿಸಿ, ಆ ವರ್ಷ ಯಾರಿಗೆ ಮಾಡುವುದೆಂದು ತಿಳಿಯದೆ ಕೂತಿದ್ದರು. ಸೆಡ್ರಿಕ್ ಫೋನ್ ಮಾಡಿದ. ಎರಡು ದಿನದಲ್ಲಿ ವಾಟ್ಸಾಪ್‌ನಲ್ಲಿ ಕರೆಯೋಲೆ ಬಂತು. ಮುಂದಿನ ವಾರದ ಶುಕ್ರವಾರ ಸಂಜೆ, ಕರಾಮಾದ ಹೋಟೆಲೊಂದರ ಹಾಲಿನಲ್ಲಿ, "ಯುರೋಪಿನ ಮೀನು ಮಾರ್ಕೆಟ್ಟಿನಲ್ಲಿ ನಮ್ಮ ಮಾರ್ಸೆಲ್: ಪರದೆಯ ಮೇಲೆ ಫೋಟೋ ಸಹಿತ ಉಪನ್ಯಾಸ, ಸನ್ಮಾನ, ನಂತರ ಮೀನೂಟ." ಮಾರ್ಸೆಲನ ಪಾಸ್‌ಪೋರ್ಟ್ ಫೋಟೋಕ್ಕೆ ಯಾರೋ ಗುಲಾಬಿ ಹೂವಿನ ಚೌಕಟ್ಟು ಬೇರೆ ಹಾಕಿದ್ದರು.

ರೊಸಲಿನ್ ಕರೆಯೋಲೆಯನ್ನು ಬಂಟ್ವಾಳದಿಂದ ಬಹರೈನಿನವರೆಗೆ ಎಲ್ಲ ಸಂಬಂಧಿಕರಿಗೆ ಕಳಿಸಿದಳು. ಕಬಾಟಿನಿಂದ ರೇಷ್ಮೆ ಸೀರೆ ತೆಗೆದು ಗಾಳಿಗೆ ಹಾಕಿದಳು.

ಮಾರ್ಸೆಲ್ ಮಂಗಳವಾರ ಸ್ಟಾಕ್ ಚೆಕ್ಕಿಂಗ್ ಇದೆ ಎಂದು ಮನೆಯಲ್ಲಿ ಹೇಳಿ, ಜ್ವರ ಎಂದು ಹೋಟೆಲಿನಲ್ಲಿ ಹೇಳಿ, ಘುಬೈಬಾ ಬಸ್ ನಿಲ್ದಾಣದಿಂದ ಅಬುಧಾಬಿಯ ಬಸ್ಸು ಹತ್ತಿದ. ದೇರಾದ ಮಾರ್ಕೆಟ್ಟಿನ ಪ್ರತಿ ಕಂಬವೂ ಎಲ್ಲರಿಗೂ ಗೊತ್ತು. ಅಬುಧಾಬಿಯ ಅಲ್ ಮೀನಾ ಬಂದರಿನ ಮೀನು ಮಾರ್ಕೆಟ್ ಸತ್ವಾದವರು ಯಾರೂ ಕಂಡದ್ದಲ್ಲ. ಅದಕ್ಕೂ ಮೇಲೆ ಮಾಡು ಇದೆ, ಉದ್ದಕ್ಕೆ ಮೀನಿನ ಕಟ್ಟೆಗಳಿವೆ. ಯುರೋಪ್ ಆಗಲು ಇನ್ನೇನು ಬೇಕು?

ಅವನು ಮುಟ್ಟುವಾಗ ಮಧ್ಯಾಹ್ನ ನಾಲ್ಕು ಗಂಟೆ. ಕಟ್ಟೆಗಳು ಮುಕ್ಕಾಲು ಖಾಲಿ. ಮೂಲೆಯ ಅಂಗಡಿಯಲ್ಲಿ ನೀಲಿ ಡ್ರೆಸ್ಸಿನ ಒಬ್ಬ ಮೀಸೆಯವನು ಐಸ್ ಕೆದಕುತ್ತ ಹಾಡಿಕೊಳ್ಳುತ್ತಿದ್ದ.

"ಊರು ಯಾವುದು?" ಎಂದ ಮಾರ್ಸೆಲ್.

"ಉಳ್ಳಾಲ. ಅಬ್ದುಲ್ ರವೂಫ್. ನೀವು ಬಂಟ್ವಾಳದ ಕಡೆಯಾ? ಮಾತು ಕೇಳುವಾಗ್ಲೇ ಗೊತ್ತಾಯ್ತು. ಎಂಥ ಬೇಕಿತ್ತು?"

"ಬಂಗುಡೆ."

"ಬಂಗುಡೆ ಖಲಾಸ್. ಬೆಳಿಗ್ಗೆ ಎಂಟಕ್ಕೇ ಖಾಲಿ. ಇದು ಉಂಟು, ಆದ್ರೆ ಇದು ಕೊಡ್ಲಿಕ್ಕಲ್ಲ," ಎಂದು ರವೂಫ್ ಕಟ್ಟೆಯಡಿಯಿಂದ ಒಂದು ಬಕೆಟ್ ಎಳೆದ. "ಗಾಳ ಹಾಕುವವರಿಗೆ ಎರೆಗೆ ಅಂತ ತೆಗ್ದಿಟ್ಟದ್ದು. ನಾಲ್ಕು ದಿನದ್ದು."

ಮಾರ್ಸೆಲ್ ಬಗ್ಗಿ ನೋಡಿದ. ಮುಖ ಹಿಂದಕ್ಕೆ ಎಳೆದುಕೊಂಡ. ನಂತರ ಯೋಚಿಸಿದ. ಫೋಟೋಕ್ಕೆ ವಾಸನೆ ಇಲ್ಲ.

"ಇದನ್ನೇ ಮೇಲೆ ಜೋಡಿಸಿ. ಒಂದು ಫೋಟೋ ಬೇಕು."

"ಇದ್ರದ್ದಾ! ಯಾಕೆ, ಕಂಪ್ಲೇಂಟ್ ಕೊಡ್ಲಿಕ್ಕಾ?"

"ಅಲ್ಲ ಮಾರಾಯ್ರೆ," ಎಂದು ಮಾರ್ಸೆಲ್ ಚೀಲದಿಂದ ಒಂದು ಟೊಪ್ಪಿ ತೆಗೆದ. "ನೀವು ಈ ಟೊಪ್ಪಿ ಹಾಕಿ. ಸ್ವಲ್ಪ ಸ್ಪೇನಿನವರ ಹಾಗೆ ನಿಲ್ಲಿ."

ಅಬ್ದುಲ್ ರವೂಫ್ ಹದಿನೈದು ವರ್ಷದ ಅನುಭವದಲ್ಲಿ ಎಲ್ಲ ಬಗೆಯ ಗಿರಾಕಿಗಳನ್ನು ಕಂಡವನು. ಸ್ಪೇನಿನವರು ಹೇಗೆ ನಿಲ್ಲುತ್ತಾರೆಂದು ತಿಳಿಯದಿದ್ದರೂ ಒಂದು ಕೈ ಸೊಂಟದ ಮೇಲಿಟ್ಟು, ಮೀಸೆ ತಿರುವಿ, ಎದೆ ಉಬ್ಬಿಸಿ ನಿಂತ. ಮಾರ್ಸೆಲ್ ಒಂದು ಬಂಗುಡೆಯನ್ನು ಬಾಲ ಹಿಡಿದು ಎತ್ತಿ, ಉಸಿರು ಬಿಗಿಹಿಡಿದು, ನಕ್ಕ. ಐಸ್ ಹೊತ್ತುಕೊಂಡು ಹೋಗುತ್ತಿದ್ದ ಬಂಗಾಳಿಯೊಬ್ಬ ಫೋಟೋ ಹೊಡೆದುಕೊಟ್ಟ.

"ಯಾವುದಕ್ಕೆ ಇದು?" ಎಂದು ರವೂಫ್ ಟೊಪ್ಪಿ ವಾಪಸು ಕೊಡುತ್ತ ಕೇಳಿದ.

"ಸಂಘದ್ದು."

"ಓ, ಸಂಘದ್ದಾ," ಎಂದ ರವೂಫ್. ಎಲ್ಲ ಅರ್ಥವಾದವನ ಹಾಗೆ ತಲೆ ಅಲ್ಲಾಡಿಸಿದ.

ಶುಕ್ರವಾರ ಸಂಜೆ ಕರಾಮಾದ ಹಾಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮೀನೂಟ ಎಂದು ಬರೆದರೆ ನಮ್ಮವರು ಉಪನ್ಯಾಸಕ್ಕೂ ಬರುತ್ತಾರೆ. ಮೊದಲ ಸಾಲಿನಲ್ಲಿ ರೊಸಲಿನ್, ರೇಷ್ಮೆ ಸೀರೆಯಲ್ಲಿ. ಅವಳ ಪಕ್ಕದಲ್ಲಿ ಚಂದ್ರಮತಿ, ಚಂದ್ರಮತಿಯ ಪಕ್ಕದಲ್ಲಿ ಕಾಂತಮ್ಮ, ಕಾಲು ಮೇಲೆ ಮಡಿಚಿ ಕುರ್ಚಿಯಲ್ಲಿ. ಮೇಜಿನ ಮೇಲೆ ಹರಿವಾಣದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಲ್ಯಾಪ್‌ಟಾಪಿನ ಎದುರು ಮಾರ್ಸೆಲನ ಮಗಳು ಕ್ಯಾರಲ್, ಒಂಬತ್ತನೇ ಕ್ಲಾಸು.

ಮೊದಲ ಫೋಟೋ, ಗುಮ್ಮಟ ಮತ್ತು ಗಿಳಿ. ಚಪ್ಪಾಳೆ. ಇಷ್ಟೊಂದು ಸತ್ಯವಾದ ಫೋಟೋಕ್ಕೆ ಚಪ್ಪಾಳೆ ಬಿದ್ದದ್ದರಿಂದ ಮಾರ್ಸೆಲ್ ಧೈರ್ಯವಾಗಿ ಮುಂದಿನದಕ್ಕೆ ಕೈ ತೋರಿಸಿದ.

ಎರಡನೆಯದು, ಮಾಡಿನ ಕೆಳಗೆ ಉದ್ದಕ್ಕೆ ಕಟ್ಟೆಗಳು.

"ಪಪ್ಪಾ, ವೈ ಈಸ್ ದ ಬೋರ್ಡ್ ಇನ್ ಅರಬಿಕ್?" ಎಂದಳು ಕ್ಯಾರಲ್, ಮೈಕಿನ ಹತ್ತಿರವೇ.

ಸಭೆಯಿಡೀ ಪರದೆಯ ಕಡೆಗೆ ಬಗ್ಗಿತು. ಮೂಲೆಯಲ್ಲಿ ಹಸಿರು ಬೋರ್ಡು, ಅದರಲ್ಲಿ ಚೆಂದದ ಅರಬಿ ಅಕ್ಷರ.

"ಸ್ಪೇನನ್ನು ಅರಬರು ನೂರಾರು ವರ್ಷ ಆಳಿದ್ದಾರೆ ಮಗಾ," ಎಂದ ಮಾರ್ಸೆಲ್. "ಚರಿತ್ರೆ ಓದ್ಬೇಕು. ಹೋಗುವಾಗ ಬೋರ್ಡ್ ತೆಗೀಲಿಕ್ಕೆ ಮರ್ತಿದ್ದಾರೆ."

"ಎಂಥ ಜ್ಞಾನ!" ಎಂದರು ತುಕ್ರಣ್ಣ.

"ಆ ಅರಬರ ಹಾಗೆ ಉದ್ದ ಬಿಳಿ ಕಂದೂರಾ ಹಾಕಿದವರು ಯಾರು ಭಾವ, ಹಿಂದೆ?" ಎಂದ ಸೆಡ್ರಿಕ್.

"ಟೂರಿಸ್ಟು. ಅವರಿಗೆ ನೋಡ್ಬಾರ್ದಾ ಯುರೋಪು?"

ಅದೂ ಸರಿಯೆನಿಸಿತು. ಜನ ತಲೆದೂಗಿದರು. ಮಾರ್ಸೆಲ್ ನೀರು ಕುಡಿದ. ಇಷ್ಟು ಸುಲಭ ಎಂದು ಗೊತ್ತಿದ್ದರೆ ಪ್ಯಾರಿಸ್‌ಗೂ ಹೋಗಿಬರಬಹುದಿತ್ತು ಎಂದು ಅವನಿಗೆ ಅನಿಸಿತು.

ಮೂರನೆಯ ಫೋಟೋ, ಅಬ್ದುಲ್ ರವೂಫ್ ಸೊಂಟದ ಮೇಲೆ ಕೈಯಿಟ್ಟು, ಟೊಪ್ಪಿಯಲ್ಲಿ. ಪಕ್ಕದಲ್ಲಿ ಬಂಗುಡೆಯ ಬಾಲ ಹಿಡಿದು ನಗುತ್ತಿರುವ ಮಾರ್ಸೆಲ್.

"ಇವರು ರಫಾಯೆಲ್. ನೂರು ವರ್ಷದಿಂದ ಅವರ ಮನೆತನದ್ದೇ ಅಂಗಡಿ. ಎಂಥ ಮೀಸೆ ನೋಡಿ. ನನ್ನ ಕೈಯಲ್ಲಿ ಇರುವುದು, ಸೆಡ್ರಿಕ್, ಚೆನ್ನಾಗಿ ನೋಡು, ವಲೆನ್ಸಿಯಾದ ಬಂಗುಡೆ! ಆ ದಿನ ಬೆಳಿಗ್ಗೆ ಸಮುದ್ರದಿಂದ ಬಂದದ್ದು."

ಸಿಳ್ಳೆ, ಚಪ್ಪಾಳೆ. ರೊಸಲಿನ್ ಹಿಂದೆ ತಿರುಗಿ ಯಾರಿಗೋ ನಕ್ಕಳು.

ಕಾಂತಮ್ಮ ಕಾಲು ಕೆಳಗಿಳಿಸಿದರು. ಕನ್ನಡಕ ಹಾಕಿದರು. ಎದ್ದು ಪರದೆಯ ಹತ್ತಿರ ಹೋದರು. ತಮ್ಮ ಕೈಗಿಂತ ದೊಡ್ಡದಾದ ಬಂಗುಡೆಯ ಕಣ್ಣಿನ ಎದುರು ನಿಂತರು.

"ಪೊರ್ಬುಗಳೇ," ಎಂದರು, "ಇದು ಇವತ್ತಿನ ಬೆಳಿಗ್ಗೆದಲ್ಲ."

"ಅಲ್ಲಮ್ಮ, ಆ ದಿನದ ಬೆಳಿಗ್ಗೆದು..."

"ಯಾವ ದಿನದ್ದೂ ಬೆಳಿಗ್ಗೆದಲ್ಲ. ಕಣ್ಣು ನೋಡಿ. ಗುಳಿ ಬಿದ್ದಿದೆ, ಬಿಳಿ ಕಟ್ಟಿದೆ. ಹೊಟ್ಟೆ ನೋಡಿ, ಒಡೆದು ಹೊರಗೆ ಬಂದಿದೆ. ಬಾಲ ಹಿಡಿದ್ರೆ ಹೊಸ ಮೀನು ಕೋಲಿನ ಹಾಗೆ ನಿಲ್ತದೆ. ಇದು ಒದ್ದೆ ಟವೆಲಿನ ಹಾಗೆ ನೇತಾಡ್ತಾ ಉಂಟು. ಇದಕ್ಕೆ ನಾಲ್ಕು ದಿನ ಆಗಿದೆ."

ಹಾಲಿನಲ್ಲಿ ಇದ್ದವರು ಇನ್ನೂರು ಜನ, ಎಲ್ಲರೂ ಮಂಗಳೂರು, ಉಡುಪಿ, ಮಲ್ಪೆಯವರು. ಅರಬಿ ಬೋರ್ಡು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಕಂದೂರಾ ತೊಂದರೆ ಕೊಟ್ಟಿರಲಿಲ್ಲ. ಆದರೆ ಈಗ ಇನ್ನೂರು ಜೊತೆ ಕಣ್ಣುಗಳು ಒಂದೇ ಒಂದು ಕಣ್ಣನ್ನು ನೋಡಿದವು.

"ಹೌದಲ್ಲ," ಎಂದರು ಹಿಂದಿನಿಂದ ಯಾರೋ. "ಅಳಸಿದ್ದು."

"ಛೇ, ಛೇ," ಎಂದು ಇನ್ನೊಬ್ಬರು ಮೂಗು ಮುಚ್ಚಿಕೊಂಡರು. ಫೋಟೋಕ್ಕೆ ವಾಸನೆ ಇಲ್ಲವೆಂದು ಯಾರು ಹೇಳಿದ್ದು?

ತುಕ್ರಣ್ಣ ಮೈಕ್ ಹಿಡಿದರು. "ಇರ್ಲಿ, ಇರ್ಲಿ. ಅಲ್ಲಿ ಹಾಗೇ ತಿನ್ನುವ ಕ್ರಮ ಇರ್ಬಹುದು. ದೇಶ ದೇಶಕ್ಕೆ..."

ಅಲ್ಲಿಗೆ ನಿಲ್ಲಿಸಿ ಮಾರ್ಸೆಲ್ ಕೂತುಬಿಟ್ಟಿದ್ದರೆ ಉಳಿಯುತ್ತಿದ್ದ. ಆದರೆ ಚಂದ್ರಮತಿ ಎದ್ದು ನಿಂತಳು. ಅವಳ ಮುಖದಲ್ಲಿ ಏನೋ ಲೆಕ್ಕ ನಡೆಯುತ್ತಿತ್ತು.

"ಮಾರ್ಸೆಲಣ್ಣ, ನಾಲ್ಕು ದಿನದ ಮೀನನ್ನು ಹಿಡ್ಕೊಂಡು ಬೆಳಿಗ್ಗೆದು ಅಂತ ಹೇಳಿದ್ರಿ ಅಲ್ವಾ. ಹಾಗಾದ್ರೆ ಹೋದ ತಿಂಗಳು ನಮ್ಮ ಇವರಿಗೆ ಎರಡು ದಿನ ಹೊಟ್ಟೆ ಸರಿ ಇರ್ಲಿಲ್ಲ..."

"ಅದು ನಿಮ್ಮ ಉಪ್ಪಿನಕಾಯಿ ಚಂದ್ರಕ್ಕ!"

"ನಮ್ಮ ಅತ್ತೆಗೆ ಈಸ್ಟರ್‌ಗೆ ವಾಂತಿ ಆಯ್ತು," ಎಂದರು ವಿಲ್ಲಾದ ಮತ್ತೊಬ್ಬರು.

"ಅವರು ಕೇಕ್ ತಿಂದದ್ದು ಜಾಸ್ತಿ ಆಗಿ!"

"ಹನ್ನೊಂದು ವರ್ಷ ಚೀಲ ತೆರೆದು ನೋಡ್ಲಿಲ್ಲ ನಾವು," ಎಂದಳು ಚಂದ್ರಮತಿ.

"ಭಾವನಿಗೆ ಮೀನು ಗೊತ್ತಿಲ್ಲ ಅಂತ ನಾನು ಮದುವೆ ದಿನವೇ ಹೇಳಿದ್ದೆ," ಎಂದ ಸೆಡ್ರಿಕ್.

ಸ್ಪೇನ್ ಹೋದರೆ ಹೋಗಲಿ, ಗಿಳಿ ಹೋಗಲಿ, ಗುಮ್ಮಟ ಕುಸಿದು ಬೀಳಲಿ. ಆದರೆ ಮೀನು! ಮಾರ್ಸೆಲನಿಗೆ ಮೀನು ಗೊತ್ತಿಲ್ಲ ಎಂದು ಇನ್ನೂರು ಜನರ ಎದುರು ಹೇಳುವುದೆಂದರೆ! ಅವನು ಮೈಕನ್ನು ತುಕ್ರಣ್ಣನ ಕೈಯಿಂದ ಕಿತ್ತುಕೊಂಡ.

"ಅಳಸಿದ್ದು ಅಂತ ನನಗೆ ಗೊತ್ತಿಲ್ವಾ? ಬಕೆಟ್ ಎಳೆದಾಗ್ಲೇ ಗೊತ್ತಾಯ್ತು ನನಗೆ! ಎರೆಗೆ ಇಟ್ಟದ್ದು ಅಂತ ರವೂಫ್ ಬಾಯಿಬಿಟ್ಟು ಹೇಳಿದ್ದಾನೆ! ನಾಲ್ಕು ದಿನ ಅಂತ ಅವನೇ ಹೇಳಿದ್ದು, ಬೇಕಾದ್ರೆ ಫೋನ್ ಮಾಡಿ ಕೇಳಿ!"

ಸಾಲು ಸಾಲಿನ ತಲೆಗಳು ಪರದೆಯಿಂದ ಮಾರ್ಸೆಲನ ಕಡೆಗೆ ತಿರುಗಿದವು.

"ರವೂಫ್ ಯಾರು?" ಎಂದರು ಕಾಂತಮ್ಮ.

ಮಾರ್ಸೆಲ್ ಪರದೆ ನೋಡಿದ. ಪರದೆಯ ಮೇಲೆ ರವೂಫ್ ಎದೆ ಉಬ್ಬಿಸಿ ನಿಂತೇ ಇದ್ದ.

"ರಫಾಯೆಲ್ ಅಂದ್ರಲ್ಲ ಭಾವ?"

"ಉಳ್ಳಾಲದವರು," ಎಂದ ಮಾರ್ಸೆಲ್, ಬಹಳ ಸಣ್ಣ ಧ್ವನಿಯಲ್ಲಿ. ಆದರೆ ಮೈಕ್ ಕೈಯಲ್ಲೇ ಇತ್ತು.

ಆಮೇಲೆ ಹೇಳದೆ ದಾರಿ ಇರಲಿಲ್ಲ. ಅಲ್ ಮೀನಾ ಹೇಳಿದ, ಘುಬೈಬಾದ ಬಸ್ಸು ಹೇಳಿದ, ಟೊಪ್ಪಿ ಹೇಳಿದ. ಕೊನೆಗೆ ವಲೆನ್ಸಿಯಾದ ಮಾರ್ಕೆಟ್ಟಿನ ಮುಚ್ಚಿದ ಬಾಗಿಲೂ, ಎದುರಿನ ಚರ್ಚಿನ ಗಂಟೆಯೂ, ಭಾನುವಾರವೂ ಹೊರಗೆ ಬಂದವು. ಭಾನುವಾರಕ್ಕೆ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಕಿಸಕ್ಕೆಂದರು. ಮತ್ತೊಬ್ಬರು ತಡೆಯಲಾರದೆ ನಕ್ಕರು. "ನಾನು ಊರಿಗೆ ಹೋದಾಗ ಶುಕ್ರವಾರ ಸೂಟ್ ಹಾಕಿ ಚರ್ಚಿಗೆ ಹೋಗಿ ಬೀಗ ನೋಡಿ ಬಂದವನೇ ಮಾರಾಯ್ರೆ!" ಎಂದು ಇನ್ನೊಬ್ಬರು ಕೂಗಿದರು. ನಗು ಸಾಲಿನಿಂದ ಸಾಲಿಗೆ ಮುಂದೆ ಬಂತು. ತುಕ್ರಣ್ಣ ಹೊಟ್ಟೆ ಹಿಡಿದುಕೊಂಡರು. ಸೆಡ್ರಿಕ್ ಕುರ್ಚಿಯಿಂದ ಕೆಳಗೆ ಜಾರಿದ. ಕ್ಯಾರಲ್ ಲ್ಯಾಪ್‌ಟಾಪಿನ ಹಿಂದೆ ತಲೆ ಹುದುಗಿಸಿ, "ಪಪ್ಪಾ, ಪ್ಲೀಸ್ ಕಮ್ ಡೌನ್," ಎಂದಳು.

ನಗು ಬಂದು ಬಂದು ಮೊದಲ ಸಾಲಿನಲ್ಲಿ ನಿಂತಿತು. ರೊಸಲಿನ್ ನಗಲಿಲ್ಲ. ಅವಳು ಸೀರೆಯ ಸೆರಗಿನ ಜರಿಯನ್ನು ಒಂದೊಂದೇ ಎಳೆ ಸರಿ ಮಾಡುತ್ತ ಕೂತಿದ್ದಳು. ಅವಳ ಮಡಿಲಲ್ಲಿ ಫೋನು ಟಿಂಗ್ ಟಿಂಗ್ ಎನ್ನುತ್ತಿತ್ತು. ಬಹರೈನಿನವರು ಕಾರ್ಯಕ್ರಮ ಹೇಗಾಯಿತು ಎಂದು ಕೇಳುತ್ತಿದ್ದರು.

ಇನ್ನೊಂದು ಸಮಸ್ಯೆ ಉಳಿದಿತ್ತು. ಶಾಲು ತಂದಾಗಿತ್ತು, ಹಾರ ತಂದಾಗಿತ್ತು. ಸನ್ಮಾನ ಇಲ್ಲದೆ ಕಾರ್ಯಕ್ರಮ ಮುಗಿಸಿದ ಇತಿಹಾಸ ತುಕ್ರಣ್ಣನಿಗೆ ಇರಲಿಲ್ಲ. ಅವರು ಒಂದು ಗಳಿಗೆ ಯೋಚಿಸಿ, ಶಾಲು ಬಿಡಿಸಿ, ಕಾಂತಮ್ಮನ ಹೆಗಲಿಗೆ ಹೊದಿಸಿದರು. ಸಭೆಯಿಡೀ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ನನಗ್ಯಾಕೆ ಮಾರಾಯ್ರೆ, ನಾನು ಮೀನು ನೋಡಿದ್ದು ಅಷ್ಟೇ," ಎಂದರು ಕಾಂತಮ್ಮ.

ಹಣ್ಣಿನ ಬುಟ್ಟಿ ಭಾರ ಇತ್ತು. ಅದನ್ನು ಅವರ ಹಿಂದೆ ಹಿಡಿದುಕೊಂಡು ನಿಂತವನು ಮಾರ್ಸೆಲ್. ಮರುದಿನ ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಅವನ ಮುಖ ಅನಾನಸಿನ ಸೊಪ್ಪಿನ ಹಿಂದೆ ಮುಚ್ಚಿಹೋಗಿತ್ತು. ಇಡೀ ಸಂಜೆಯಲ್ಲಿ ಅವನ ಒಳ್ಳೆಯ ಫೋಟೋ ಅದೊಂದೇ.

ಮುಂದಿನ ಗುರುವಾರ ಸಂಜೆ ಮಾರ್ಸೆಲ್ ಏಳು ಸಲ ಬಾಗಿಲು ತೆರೆದು ನೋಡಿದ. ಹಿಡಿಯಲ್ಲಿ ಚೀಲ ಇರಲಿಲ್ಲ. ಎಂಟನೇ ಸಲ ತೆರೆಯುವಾಗ ಒಳಗಿನಿಂದ ರೊಸಲಿನ್, "ಎಸಿ ಗಾಳಿ ಹೊರಗೆ ಹೋಗ್ತದೆ," ಎಂದಳು. ಆ ವಾರ ಅವಳು ಅವನೊಡನೆ ಆಡಿದ ಅತಿ ಉದ್ದದ ಮಾತು ಇದು.

ಶುಕ್ರವಾರ ಚರ್ಚಿನಿಂದ ಬರುವಾಗ ವಿಲ್ಲಾದ ಗೇಟಿನಲ್ಲಿ ಕಾಂತಮ್ಮ ನಿಂತಿದ್ದರು. ಹೆಗಲ ಮೇಲೆ ಸನ್ಮಾನದ ಶಾಲು, ಬಿಸಿಲಿಗೆ. ಕೈಯಲ್ಲಿ ಐದು ಚೀಲ.

"ಬನ್ನಿ ಪೊರ್ಬುಗಳೇ. ಹೊರ್ಲಿಕ್ಕೆ ಜನ ಬೇಕು ನನಗೆ."

ದೇರಾದ ಮಾರ್ಕೆಟ್ಟಿನಲ್ಲಿ ಅವನು ಚೀಲ ಹಿಡಿದು ಅವರ ಹಿಂದೆ ನಡೆದ. ಹನ್ನೊಂದು ವರ್ಷದ ಪರಿಚಯದ ಅಂಗಡಿಯವರು ಅವನನ್ನು ನೋಡಿ, ಮುಂದೆ ಹೋಗುವ ಶಾಲಿನ ಮುದುಕಿಯನ್ನು ನೋಡಿ, ಅಧಿಕಾರ ಬದಲಾಗಿದೆ ಎಂದು ತಿಳಿದು, 'ಅಮ್ಮಾ, ಅಮ್ಮಾ' ಎಂದು ಅತ್ತಲೇ ಕೂಗಿದರು. ಕಾಂತಮ್ಮ ಒಂದು ಬಂಗುಡೆಯ ಕಟ್ಟೆಯ ಎದುರು ನಿಂತು, ಪಕ್ಕಕ್ಕೆ ಸರಿದರು.

"ನೀವು ತೆಗೀರಿ."

ಮಾರ್ಸೆಲ್ ತೆಗೆದ. ಒಂದೊಂದನ್ನೂ ಬಾಲ ಹಿಡಿದು, ಕಿವಿರು ನೋಡಿ, ಹೊಟ್ಟೆ ಒತ್ತಿ, ಪರೀಕ್ಷೆ ಬರೆಯುವವನ ಹಾಗೆ ತೆಗೆದ. ಕಾಂತಮ್ಮ ಎಲ್ಲವನ್ನೂ ಮತ್ತೊಮ್ಮೆ ನೋಡಿದರು. ಒಂದನ್ನೂ ವಾಪಸು ಹಾಕಲಿಲ್ಲ.

"ಮೀನಿನ ವಿಷಯ ನೀವು ಸುಳ್ಳು ಹೇಳ್ಬಾರ್ದಿತ್ತು ಪೊರ್ಬುಗಳೇ," ಎಂದರು. "ಸ್ಪೇನಿನದ್ದು ಎಷ್ಟು ಬೇಕಾದ್ರೂ ಹೇಳಿ. ನಮಗೆಂಥ."

ಹನ್ನೆರಡಕ್ಕೆ ವಿಲ್ಲಾದಲ್ಲಿ ನಾಲ್ಕು ಚೀಲ ನಾಲ್ಕು ಕಡೆಗೆ ಹೋದವು. ಐದನೆಯದನ್ನು ಮಾರ್ಸೆಲ್ ಅಡುಗೆಮನೆಯ ಸಿಂಕಿನ ಪಕ್ಕದಲ್ಲಿ ಇಟ್ಟು, ಎಂದಿನಂತೆ ಹೋಗಿ ಕೂರದೆ, ಅಲ್ಲೇ ನಿಂತ.

ರೊಸಲಿನ್ ಬಂದಳು. ಚೀಲ ಬಿಚ್ಚಿದಳು. ಎಲ್ಲಕ್ಕಿಂತ ಮೇಲಿನ ಬಂಗುಡೆಯನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಹೆಬ್ಬೆರಳಿನಿಂದ ಅದರ ಕಿವಿರು ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ನಂತರ ಅಷ್ಟೇ ಹೊತ್ತು ಗಂಡನ ಮುಖ ನೋಡಿದಳು.

"ಮೀನು ಸರಿ ಉಂಟು," ಎಂದಳು.

ಗಂಡನ ವಿಷಯ ಏನೂ ಹೇಳಲಿಲ್ಲ. ಚೂರಿ ತೆಗೆದುಕೊಂಡು ಮೀನು ಕತ್ತರಿಸಲು ಕೂತಳು.